ತಾಯಿಯನ್ನು ಒಳಗೆ ಬಿಡಿ: ಆರೋಗ್ಯ ಸಚಿವರಿಗೆ ಒಬ್ಬ ನರ್ಸ್ ಬರೆದ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ನಮ್ಮ ನವಜಾತ ಶಿಶು ಘಟಕದಿಂದ ಒಂದು ಮಗುವನ್ನು ಮನೆಗೆ ಕಳಿಸುತ್ತಿದ್ದೆವು. 24 ದಿನ ನಮ್ಮ ಹತ್ತಿರ ಇದ್ದ ಹೆಣ್ಣುಮಗು. ಹುಟ್ಟಿದಾಗ 1,350 ಗ್ರಾಂ, ಹೊರಡುವಾಗ 1,650. ನಾನು ಡಿಸ್‌ಚಾರ್ಜ್ ಚೀಟಿ ಹಿಡಿದು ಒಂದೊಂದೇ ಹೇಳುತ್ತಿದ್ದೆ. ಬೆಚ್ಚಗಿಡಿ. ಎರಡು ಗಂಟೆಗೊಮ್ಮೆ ಹಾಲು ಕೊಡಿ. ಈ ಡ್ರಾಪ್ಸ್ ದಿನಕ್ಕೊಂದು ಸಲ. ಕಣ್ಣಿನ ಪರೀಕ್ಷೆಗೆ ಈ ತಾರೀಖಿಗೆ ತಪ್ಪದೆ ಬನ್ನಿ. ತಾಯಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಇಪ್ಪತ್ತು ವರ್ಷ ಇರಬಹುದು, ಇನ್ನೂ ಹುಡುಗಿ. ನಾನು ಹೇಳಿ ಮುಗಿಸಿದ ಮೇಲೆ ಹತ್ತಿರ ಬಂದಳು. ಹಿಂದೆ ನಿಂತಿದ್ದ ಅತ್ತೆಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು: "ಸಿಸ್ಟರ್, ಮಗುನ ಹೆಂಗೆ ಎತ್ಕೋಬೇಕು?"

ಹೆತ್ತು 24 ದಿನವಾಗಿತ್ತು. ಅಲ್ಲಿಯವರೆಗೆ ಆ ಮಗುವನ್ನು ಅವಳು ಒಂದು ಸಲವೂ ಸರಿಯಾಗಿ ಎತ್ತಿಕೊಂಡಿರಲಿಲ್ಲ. ಗಾಜಿನ ಆಚೆಯಿಂದ ನೋಡಿದ್ದಳು, ಅಷ್ಟೇ. ಎತ್ತಿದ್ದು, ಒರೆಸಿದ್ದು, ಬಟ್ಟೆ ಬದಲಿಸಿದ್ದು, ಹಾಲು ಕುಡಿಸಿದ್ದು ಎಲ್ಲ ನಾವೇ. ನಾನು ಅವಳ ಕೈ ಹಿಡಿದು, ತಲೆಗೆ ಹೀಗೆ ಆಸರೆ ಕೊಡು, ಸೊಂಟದ ಕೆಳಗೆ ಹೀಗೆ ಕೈ ಇಡು ಅಂತ ತೋರಿಸಿದೆ. ಐದು ನಿಮಿಷ ಆಗಿರಬಹುದು. ಅಷ್ಟರಲ್ಲಿ ಒಳಗಿಂದ ಯಾರೋ ಕರೆದರು. ಬಾಣಂತಿ, ಮಗುವನ್ನು ಮನೆಗೆ ಬಿಡುವ ಸರ್ಕಾರಿ ನಗು-ಮಗು ಗಾಡಿಯವನೂ ಬಾಗಿಲಲ್ಲಿ ಕಾಯುತ್ತಿದ್ದ. ಅವರು ಹೋದರು.

ಒಂಬತ್ತನೇ ದಿನ ಮಗು ವಾಪಸ್ ಬಂತು.

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾನು ಯಾರು ಅಂತ ಹೇಳಬೇಕು. ನಾನು 17 ವರ್ಷದಿಂದ ಸರ್ಕಾರಿ ಶುಶ್ರೂಷಾಧಿಕಾರಿ. ಅದರಲ್ಲಿ 11 ವರ್ಷ ಈ ಎಳೆ ಮಕ್ಕಳ ಜೊತೆಗೇ ಕಳೆದಿದ್ದೇನೆ. ನಮ್ಮದು ಬೆಂಗಳೂರಿನಿಂದ ದೂರದ ಜಿಲ್ಲೆ. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದು ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ತಮ್ಮಲ್ಲಿ ಕೇಳುವುದು ಒಂದೇ. ಮಗು ಒಳಗಿರುವಷ್ಟು ದಿನ ತಾಯಿಯೂ ಅದರ ಹತ್ತಿರವೇ ಇರಲಿ. ಅವಳಿಗೆ ಕಲಿಸುವುದು ನಮ್ಮ ಡ್ಯೂಟಿಯ ಭಾಗ ಅಂತ ಲೆಕ್ಕಕ್ಕೆ ಬರಲಿ. ಈಗ ಅದು ಲೆಕ್ಕದಲ್ಲಿಲ್ಲ. ಬಿಡುವಾದರೆ ಮಾಡುವ ಕೆಲಸ ಆಗಿದೆ, ಆದರೆ ನಮ್ಮ ಘಟಕದಲ್ಲಿ ಬಿಡುವು ಅನ್ನುವುದೇ ಇಲ್ಲ.

ಹೊರಗಿನವರಿಗೆ ನಮ್ಮ ಘಟಕ ಅಂದರೆ "ಗಾಜಿನ ಪೆಟ್ಟಿಗೆ". ಮಗುನ ಪೆಟ್ಟಿಗೇಲಿ ಇಟ್ಟಿದ್ದಾರೆ ಅಂತ ಹಳ್ಳಿಗೆ ಫೋನ್ ಹೋಗುತ್ತದೆ. ನಿಜಕ್ಕೂ ಪೆಟ್ಟಿಗೆ ಅಲ್ಲ, ಮೇಲಿನಿಂದ ಕಾವು ಕೊಡುವ ವಾರ್ಮರ್. ಅದರ ಕೆಳಗೆ ಅಂಗೈಯಗಲದ ಎದೆ ಏರಿಳಿಯುತ್ತಿರುತ್ತದೆ. ಕಾಲಿಗೊಂದು ಪ್ರೋಬ್, ಮೂಗಿಗೊಂದು ಕೊಳವೆ, ಕಾಮಾಲೆ ಇದ್ದರೆ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಇಟ್ಟಿರುತ್ತೇವೆ. ಇಂಥ ವಿಶೇಷ ಘಟಕಗಳು ಜಿಲ್ಲಾ ಆಸ್ಪತ್ರೆಗಳಿಗೆ ಬಂದ ಮೇಲೆ ಎಷ್ಟೋ ಮಕ್ಕಳು ಉಳಿದಿವೆ. ಅದನ್ನು ಕಣ್ಣಾರೆ ಕಂಡವಳು ನಾನು. ನಮ್ಮ ರಾಜ್ಯದಲ್ಲಿ 100ರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಸಣ್ಣ ಸಾಧನೆ ಅಲ್ಲ. ಆದರೂ 2020ರ ಲೆಕ್ಕದಲ್ಲಿ, ನಮ್ಮಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 19 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಹೋಗಿಬಿಟ್ಟಿದ್ದವು. ಅದರಲ್ಲಿ 14 ಮಕ್ಕಳು ಮೊದಲ 28 ದಿನಗಳೊಳಗೇ. ಅಂದರೆ ನಮ್ಮ ಕೈಯಲ್ಲಿರುವಾಗ, ಇಲ್ಲವೇ ನಮ್ಮ ಕೈಯಿಂದ ಮನೆಗೆ ಹೋದ ಹೊಸದರಲ್ಲಿ.

ಈಗ ತಾಯಿ ಎಲ್ಲಿರುತ್ತಾಳೆ ಅಂತ ನೋಡಿ. ಹೆರಿಗೆ ವಾರ್ಡ್‌ನಿಂದ ಬಿಡುಗಡೆ ಆದ ಮೇಲೆ ಅವಳಿಗೆ ಮಂಚ ಇಲ್ಲ. ಕಾರಿಡಾರಿನ ಬೆಂಚು, ಇಲ್ಲವೇ ಮೂಲೆಯಲ್ಲಿ ಹಾಸಿದ ಚಾಪೆ. ಹಸಿ ಬಾಣಂತಿ. ಸಿಸೇರಿಯನ್ ಆಗಿದ್ದರೆ ಹೊಲಿಗೆಯೂ ಮಾಗಿರುವುದಿಲ್ಲ. ಎರಡು ಗಂಟೆಗೊಮ್ಮೆ ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ, ಮುಚ್ಚಳದ ಮೇಲೆ ಪ್ಲಾಸ್ಟರಿನಲ್ಲಿ ಹೆಸರು ಬರೆಸಿ, ಬಾಗಿಲ ಹತ್ತಿರ ತಂದು ಕೊಡುತ್ತಾಳೆ. ಬಾಗಿಲು ಅರ್ಧ ತೆರೆಯುತ್ತದೆ, ಲೋಟ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಮೊದಮೊದಲು ಲೋಟದ ತಳ ಮುಚ್ಚುವಷ್ಟೂ ಹಾಲು ಬರುವುದಿಲ್ಲ. ಅವಳಿಗೆ ಗಾಬರಿ. ಅಂಥ ಮಗುವಿಗೆ ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಬೇಕಾಗುವುದು ಎರಡು ಟೀ ಚಮಚದಷ್ಟು ಹಾಲು ಮಾತ್ರ ಅಂತ ಅವಳಿಗೆ ಯಾರೂ ಹೇಳಿರುವುದಿಲ್ಲ. ಹಾಲು ಸಾಲದು ಅಂದುಕೊಳ್ಳುತ್ತಾಳೆ, ಅಳುತ್ತಾಳೆ. ಮಗುವಿನ ಮುಖ ಕಾಣದೆ, ಮೈ ಸೋಕದೆ, ಹತ್ತು ಹದಿನೈದು ದಿನಕ್ಕೆ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಆಮೇಲೆ ಅಂಗಡಿಯ ಪುಡಿ ಹಾಲಿನ ಡಬ್ಬ ಬರುತ್ತದೆ. ಇದನ್ನು ನಾನು ನೂರಾರು ಸಲ ನೋಡಿದ್ದೇನೆ.

ಇನ್ನು ಊಟ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದಾಗ ಬಾಣಂತಿಗೆ ಉಚಿತ ಊಟ ಅಂತ ಬರೆದದ್ದು ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಮಗು 24 ದಿನ ಒಳಗಿದ್ದರೆ ಉಳಿದ ದಿನಗಳ ಊಟ ಯಾರ ಲೆಕ್ಕದಲ್ಲಿ? ಹಾಲು ಮಾತ್ರ ಎರಡು ಗಂಟೆಗೊಮ್ಮೆ ಬೇಕು. ಆ ಹಾಲು ಬರಬೇಕಾದ ಹೊಟ್ಟೆಗೆ ಏನು ಬೀಳುತ್ತಿದೆ ಅಂತ ಯಾರೂ ಕೇಳುವುದಿಲ್ಲ.

ಆ ಮಗುವಿನ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ದಿನ ರಾತ್ರಿ ಎಂಟರ ಸುಮಾರಿಗೆ ತಂದರು. ಮೇಲೆ ಮೂರು ಕಂಬಳಿ ಸುತ್ತಿದ್ದರು. ಬಿಚ್ಚಿ ಪಾದ ಮುಟ್ಟಿದರೆ ತಣ್ಣಗೆ. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗೆ. ತೂಕ 1,480. ಮನೆಗೆ ಹೋದಾಗ ಇದ್ದದ್ದಕ್ಕಿಂತ 170 ಗ್ರಾಂ ಕಡಿಮೆ. ಅಳುವ ಶಕ್ತಿಯೂ ಇರಲಿಲ್ಲ, ಬಾಯಿ ಸುಮ್ನೆ ತೆರೆದು ಮುಚ್ಚುತ್ತಿತ್ತು. ಏನಾಯಿತು ಅಂತ ಕೇಳಿದರೆ ಯಾರೂ ಏನೂ ತಪ್ಪು ಮಾಡಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದರು. ಅಜ್ಜಿ ಆಸ್ಪತ್ರೆ ವಾಸನೆ ಹೋಗಲಿ ಅಂತ ಎಣ್ಣೆ ಹಚ್ಚಿ ನೀರು ಹಾಕಿದ್ದರು, ದಿನಾ. ಮಗು ನಿದ್ದೆ ಮಾಡುತ್ತಿದೆ ಅಂತ ತಾಯಿ ಎಬ್ಬಿಸದೆ ಬಿಟ್ಟಿದ್ದಳು, ನಾಲ್ಕು ಗಂಟೆ, ಐದು ಗಂಟೆ. ಇಷ್ಟು ಸಣ್ಣ ಮಗು ಹಸಿವಾದರೆ ಅಳುವುದಿಲ್ಲ, ಇನ್ನೂ ಜಾಸ್ತಿ ನಿದ್ದೆ ಮಾಡುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ. ಎದೆಗೆ ಹಾಕಿಕೊಂಡರೆ ಚೀಪುತ್ತಿರಲಿಲ್ಲ. ಎಲ್ಲಿ ಉಸಿರು ಕಟ್ಟುತ್ತದೋ ಅಂತ ಭಯಕ್ಕೆ ಅವಳು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು.

"ನಾನು ಅವತ್ತು ಎಲ್ಲ ಹೇಳಿದ್ನಲ್ಲಮ್ಮ" ಅಂದೆ. ಬೈಯುವ ಹಾಗೆಯೇ ಅಂದೆ. ಇವತ್ತಿಗೂ ಅದಕ್ಕೆ ನನಗೆ ಸಂಕಟ ಇದೆ. ಅವಳು ನೆಲ ನೋಡಿಕೊಂಡು ಹೇಳಿದಳು: "ಹೇಳಿದ್ರಿ ಸಿಸ್ಟರ್. ನನಗೆ ಅವತ್ತು ಮಗು ಬಿಟ್ಟು ಬೇರೆ ಏನೂ ಕಾಣ್ತಿರಲಿಲ್ಲ."

ಅದರಲ್ಲಿ ಅವಳ ತಪ್ಪೇನಿದೆ? 24 ದಿನ ದೂರ ಇಟ್ಟು, ಕೊನೆಯ ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರೆ ಯಾರ ತಲೆಗೆ ಹೋಗುತ್ತದೆ? ನನಗೆ ಇದೇ ಕೆಲಸ ಕಲಿಸಲು ವರ್ಷಗಟ್ಟಲೆ ತೆಗೆದುಕೊಂಡರು. ಅವಳಿಗೆ ಹತ್ತು ನಿಮಿಷ.

ಅವತ್ತು ನಮ್ಮ ಮಕ್ಕಳ ಡಾಕ್ಟರು ಒಂದು ನಿರ್ಧಾರ ಮಾಡಿದರು. ಮಗುವಿನ ಮೈ ಬೆಚ್ಚಗಾಗಿ, ಉಸಿರಾಟ ಸರಿಹೋದ ಮೇಲೆ ತಾಯಿಯನ್ನು ಒಳಗೆ ಬಿಟ್ಟರು. ಕುರ್ಚಿ ಇರಲಿಲ್ಲ. ಕಚೇರಿಯಿಂದ ಒಂದು ಹಳೆಯ ಕುರ್ಚಿ ಎತ್ತಿಕೊಂಡು ಬಂದು, ಒರೆಸಿ, ವಾರ್ಮರ್ ಪಕ್ಕ ಹಾಕಿದೆವು. ಅವಳ ಉಗುರು ಕತ್ತರಿಸಿ, ಬಳೆ ತೆಗೆಸಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುವುದನ್ನು ತೋರಿಸಿದೆ. ಗೌನ್ ಹಾಕಿಸಿದೆ. ಮಗುವಿಗೆ ಲಂಗೋಟಿ, ಕುಲಾಯಿ, ಕಾಲುಚೀಲ ಮಾತ್ರ. ಅದನ್ನು ಅವಳ ಎದೆಯ ಮಧ್ಯೆ ನೇರವಾಗಿ, ಚರ್ಮಕ್ಕೆ ಚರ್ಮ ತಾಗುವ ಹಾಗೆ ಇಟ್ಟೆ. ಕಾಲು ಕಪ್ಪೆಯ ಹಾಗೆ ಮಡಚಿ, ತಲೆ ಒಂದು ಕಡೆಗೆ ತಿರುಗಿಸಿ, ಉಸಿರು ಕಟ್ಟದಂತೆ ಗಲ್ಲ ಚೂರು ಮೇಲೆತ್ತಿ. ಮೇಲಿನಿಂದ ಅವಳ ಅಮ್ಮನ ಹಳೆಯ ಮೆತ್ತನೆ ಸೀರೆಯಿಂದ ಕಟ್ಟಿದೆ. ಮೊದಲ ಹತ್ತು ನಿಮಿಷ ಅವಳು ಅಲುಗಾಡಲಿಲ್ಲ. ಕಲ್ಲಿನ ಹಾಗೆ ಕೂತಿದ್ದಳು. ಆಮೇಲೆ ಭುಜ ಸಡಿಲವಾಯಿತು. ಒಂದು ಗಂಟೆ ಆಗುವಷ್ಟರಲ್ಲಿ ಅವಳ ಗೌನಿನ ಎದೆ ಒದ್ದೆಯಾಗಿತ್ತು. ಹತ್ತು ದಿನದಿಂದ ಸರಿಯಾಗಿ ಬಾರದ ಹಾಲು ತಾನಾಗಿ ಸೋರುತ್ತಿತ್ತು. ಅವಳೂ ಅತ್ತಳು, ನಾನೂ ಅತ್ತೆ.

ಆ ಮಗು ಉಳಿಯಿತು. ಎರಡನೇ ಸಲ ಹೋಗುವಾಗ ತಾಯಿ ನನ್ನನ್ನು ಏನೂ ಕೇಳಲಿಲ್ಲ. ನಾನು ಚೀಟಿ ಓದಲು ಶುರು ಮಾಡಿದರೆ ಮುಂದಿನದನ್ನು ಅವಳೇ ಹೇಳುತ್ತಿದ್ದಳು.

ಇದು ನಾನು ಕಂಡುಹಿಡಿದ ವಿದ್ಯೆ ಅಲ್ಲ. ಕಾಂಗರೂ ಆರೈಕೆ, ನಾವು ಕೆಎಂಸಿ ಅನ್ನುತ್ತೇವೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಅನ್ನುವವರು ಶುರು ಮಾಡಿದರು. ಅವರ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಂದೊಂದರಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸಬೇಕಾಗಿತ್ತು. ಸೋಂಕು ಹಬ್ಬಿ ಮಕ್ಕಳು ಸಾಯುತ್ತಿದ್ದವು. ಆಗ ಅವರು ಮಗುವನ್ನು ತಾಯಿಯ ಎದೆಗೇ ಕಟ್ಟಿದರು. ಬಡ ಆಸ್ಪತ್ರೆಯಲ್ಲಿ ಹುಟ್ಟಿದ ಉಪಾಯ ಇದು. ನಮ್ಮಂಥ ಆಸ್ಪತ್ರೆಗಳಿಗೆ ಹೇಳಿ ಮಾಡಿಸಿದ್ದು.

ಮಗು ಸ್ವಲ್ಪ ಗಟ್ಟಿಯಾದ ಮೇಲೆ ಮಾಡಿದರೆ ಸಾಕು ಅಂತ ನಾವೂ ಬಹಳ ವರ್ಷ ನಂಬಿದ್ದೆವು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ಫಲಿತಾಂಶ ಬಂತು. ಐದು ದೇಶಗಳ ಆಸ್ಪತ್ರೆಗಳು ಅದರಲ್ಲಿ ಇದ್ದವು. ನಮ್ಮ ದೇಶದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಒಂದರಿಂದ 1.8 ಕೆ.ಜಿ.ಯೊಳಗಿನ ಮಕ್ಕಳನ್ನು ಹುಟ್ಟಿದ ತಕ್ಷಣದಿಂದಲೇ, ಗಟ್ಟಿಯಾಗುವವರೆಗೆ ಕಾಯದೆ, ತಾಯಿಯ ಎದೆಗೆ ಕೊಟ್ಟರು. ದಿನಕ್ಕೆ ಸುಮಾರು 17 ಗಂಟೆ. ವಾರ್ಮರ್‌ನಲ್ಲಿ ಇಟ್ಟು ಆಮೇಲೆ ಶುರು ಮಾಡಿದ ಮಕ್ಕಳಲ್ಲಿ ಮೊದಲ 28 ದಿನದಲ್ಲಿ ಸತ್ತವರು 100ಕ್ಕೆ 15.7. ತಕ್ಷಣ ಎದೆಗೆ ಕೊಟ್ಟ ಮಕ್ಕಳಲ್ಲಿ 12. ವ್ಯತ್ಯಾಸ ಇಷ್ಟು ಎದ್ದು ಕಂಡಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. 2022ರಲ್ಲಿ ಅದೇ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು.

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯ ಇಲಾಖೆಯ ಜೊತೆ ಸೇರಿ, ಸರ್ಕಾರಿ ಆಸ್ಪತ್ರೆಯಲ್ಲಿ ಶುರುವಾದ ಕೆಎಂಸಿ ಮನೆಯಲ್ಲೂ ಮುಂದುವರಿಯುವ ಹಾಗೆ ಮಾಡಿ ತೋರಿಸಿದ್ದಾರೆ. ಕೇಂದ್ರ ಸರ್ಕಾರವಂತೂ 2017ರಲ್ಲೇ ಮನೆಯವರನ್ನು ಘಟಕದ ಒಳಗೆ ಕರೆದು, ಕಲಿಸಿ, ಆರೈಕೆಯಲ್ಲಿ ಸೇರಿಸಿಕೊಳ್ಳಿ ಅಂತ ಮಾರ್ಗಸೂಚಿ ಕೊಟ್ಟಿದೆ. ಆದೇಶ ಇಲ್ಲ ಅನ್ನುವ ಹಾಗಿಲ್ಲ. ಆದೇಶದಿಂದ ಬಾಗಿಲವರೆಗಿನ ದಾರಿ ದೂರ ಆಗಿದೆ.

ಯಾಕೆ ದೂರ ಆಗಿದೆ ಅಂತ ನನಗೆ ಗೊತ್ತು, ಯಾಕೆಂದರೆ ಬಾಗಿಲು ಹಾಕಿದವರಲ್ಲಿ ನಾನೂ ಒಬ್ಬಳು. ಮೊದಲ ಭಯ ಸೋಂಕಿನದು. ಹೊರಗಿನಿಂದ ಬಂದವರು ರೋಗ ತರುತ್ತಾರೆ ಅಂತ ನಮಗೆ ಓದುವಾಗಲೇ ತಲೆಗೆ ತುಂಬಿದ್ದರು. ಆದರೆ ಮೇಲೆ ಹೇಳಿದ ಅಧ್ಯಯನದಲ್ಲಿ ಎದೆಗೆ ಕೊಟ್ಟ ಮಕ್ಕಳಿಗೆ ಸೋಂಕಿನ ಅನುಮಾನವೂ ಕಡಿಮೆಯೇ ಇತ್ತು. ಯೋಚಿಸಿದರೆ ಅರ್ಥ ಆಗುತ್ತದೆ. ಒಬ್ಬ ತಾಯಿ ಮುಟ್ಟುವುದು ಒಂದೇ ಮಗುವನ್ನು. ರಾತ್ರಿ ಪಾಳಿಯಲ್ಲಿ ನಾನು ಒಂಬತ್ತು ಮಕ್ಕಳನ್ನು ಮುಟ್ಟುತ್ತೇನೆ.

ಹೌದು, ಒಂಬತ್ತು. ಇದೇ ಎರಡನೇ ಕಾರಣ. ಒಬ್ಬ ನರ್ಸ್‌ಗೆ ಮೂರು ನಾಲ್ಕು ಮಕ್ಕಳು ಅನ್ನುವುದು ನಿಯಮ. ನಮ್ಮಲ್ಲಿ ಎಷ್ಟೋ ರಾತ್ರಿ 18 ಮಕ್ಕಳಿಗೆ ಇಬ್ಬರೇ ಇದ್ದೇವೆ. ಒಂದು ಮಗುವಿನ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಬಿದ್ದು ಅಲಾರಂ ಹೊಡೆಯುತ್ತಿರುವಾಗ, ಇನ್ನೊಂದು ಮೂಲೆಯಲ್ಲಿ ತಾಯಿಯೊಬ್ಬಳಿಗೆ ಹಾಲು ಹಿಂಡುವುದನ್ನು ಕಲಿಸುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಬಾಗಿಲು ಹಾಕಿದರೆ ನಮಗೆ ಅನುಕೂಲ. ಒಪ್ಪಿಕೊಳ್ಳಲು ಕಷ್ಟವಾದರೂ ಸತ್ಯ ಇದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ತಾಯಂದಿರು ಒಳಗೆ ಬಂದರೆ ನರ್ಸ್‌ಗಳು ಕಡಿಮೆ ಸಾಕು ಅಂತ ಯಾರಾದರೂ ಲೆಕ್ಕ ಹಾಕಿದರೆ ದಯವಿಟ್ಟು ಒಪ್ಪಬೇಡಿ. ಮೊದಲ ವಾರ ನಮ್ಮ ಕೆಲಸ ಜಾಸ್ತಿಯೇ ಆಗುತ್ತದೆ. ಆಮೇಲೆ ತಾಯಿ ತಾನೇ ಬಟ್ಟೆ ಬದಲಿಸುತ್ತಾಳೆ, ಹಾಲು ಕುಡಿಸುತ್ತಾಳೆ, ಮಗುವಿನ ಬಣ್ಣ ಬದಲಾದರೆ ನಮಗಿಂತ ಮೊದಲು ಅವಳೇ ಕೂಗುತ್ತಾಳೆ. ಆದರೆ ಅವಳು ಬಾಣಂತಿ. ಸಂಬಳವಿಲ್ಲದ ಆಯಾ ಅಲ್ಲ. ಜ್ವರ ಇರುವವಳನ್ನು, ಬಿಪಿ ಏರಿದವಳನ್ನು, ಕೂರಲಾಗದವಳನ್ನು ಬಲವಂತ ಮಾಡಬಾರದು. ಅಂಥ ಕಡೆ ಅಪ್ಪ ಇದ್ದಾನೆ, ಅಜ್ಜಿ ಇದ್ದಾರೆ. ನಮ್ಮಲ್ಲಿ ಒಬ್ಬ ಟ್ರ್ಯಾಕ್ಟರ್ ಓಡಿಸುವ ಹುಡುಗ ಅಂಗಿ ಬಿಚ್ಚಿ, ಅವಧಿಗೆ ಮುಂಚೆ ಹುಟ್ಟಿದ ಮಗನನ್ನು ಎದೆಗೆ ಕಟ್ಟಿಕೊಂಡು ಕೂರುತ್ತಿದ್ದ. ಹೆಂಡತಿ ಐಸಿಯುನಲ್ಲಿದ್ದಳು. ಎರಡು ಗಂಟೆ ಒಂದೇ ಭಂಗಿಯಲ್ಲಿ ಕೂತು ಎದ್ದರೆ ಅವನ ಕಾಲು ಜೋಮು ಹಿಡಿದಿರುತ್ತಿತ್ತು, ಗೋಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದ. ಅಪ್ಪಂದಿರಿಗೆ ಔಷಧ ತರುವುದು, ಸಹಿ ಹಾಕುವುದು ಬಿಟ್ಟು ಬೇರೇನೂ ಬರುವುದಿಲ್ಲ ಅಂತ ತೀರ್ಮಾನ ಮಾಡಿದವರು ನಾವೇ.

ಒಳಗೆ ಬಂದ ತಾಯಿಗೆ ನಾವು ಏನು ಕಲಿಸುತ್ತೇವೆ? ದೊಡ್ಡ ವಿಷಯ ಏನೂ ಅಲ್ಲ. ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮುಟ್ಟಿ, ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ಹಿಡಿದಿದೆ, ತಕ್ಷಣ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ. ಇದಕ್ಕೆ ಥರ್ಮಾಮೀಟರ್ ಬೇಡ, ಓದು ಬೇಡ. ಮಗು ಸುಮ್ಮನೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯಬಾರದು. ದಿನಕ್ಕೆ ಆರೆಂಟು ಸಲ ಉಚ್ಚೆ ಹೋದರೆ ಹಾಲು ಸಾಲುತ್ತಿದೆ ಅಂತ ಅರ್ಥ, ಪಕ್ಕದ ಮನೆಯವರು ಏನೇ ಹೇಳಲಿ. ಎರಡು ಕೆ.ಜಿ. ಆಗುವವರೆಗೆ ನೀರು ಹಾಕುವುದು ಬೇಡ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ತನ್ನ ಕೈಯಿಂದ ತನ್ನ ಮಗುವಿನ ಪಾದ ದಿನಕ್ಕೆ ಎಂಟು ಸಲ ಮುಟ್ಟಿ ನೋಡಿದವಳು ಮರೆಯುವುದಿಲ್ಲ.

ಅಜ್ಜಿಯರ ಬಗ್ಗೆ ಸ್ವಲ್ಪ ಹೇಳಬೇಕು. ಆಸ್ಪತ್ರೆಯಲ್ಲಿ ಅವರನ್ನು ಬೈಯುವುದು ನಮಗೆ ರೂಢಿಯಾಗಿಬಿಟ್ಟಿದೆ. ಮಗುವಿಗೆ ಜೇನುತುಪ್ಪ ನೆಕ್ಕಿಸಿದವರು ಅವರು, ಬಜೆ ತೇಯ್ದು ಹಾಕಿದವರು ಅವರು, ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕಿದವರು ಅವರು, ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಅಂತ ಹೇಳಿ ಹುಡುಗಿಯನ್ನು ಹೆದರಿಸಿದವರೂ ಅವರೇ. ಇವೆಲ್ಲ ಸರಿಯಲ್ಲ. ಜೇನುತುಪ್ಪ ಒಂದು ವರ್ಷದವರೆಗೆ ಯಾವ ಮಗುವಿಗೂ ಬೇಡ. ಹೊಗೆ ಈ ಎಳೆ ಶ್ವಾಸಕೋಶಕ್ಕೆ ವಿಷವೇ. ಬರೆ ಹಾಕಿಸಿಕೊಂಡು ಬಂದ ಮಗುವನ್ನು ನೋಡಿ ನಾನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಆದರೆ ಬಾಣಂತಿಯನ್ನು ಬೆಚ್ಚಗೆ ಇಡಬೇಕು, ಮೂರು ತಿಂಗಳು ಕೆಲಸ ಹೇಳಬಾರದು, ಮಗುವಿನ ತಲೆಗೆ ಕುಲಾಯಿ ಹಾಕಬೇಕು, ಬಂದವರೆಲ್ಲ ಮಗುವನ್ನು ಎತ್ತಬಾರದು ಅನ್ನುವುದನ್ನು ನಮ್ಮ ಮನೆಗಳಲ್ಲಿ ಕಾಪಾಡಿಕೊಂಡು ಬಂದವರೂ ಅವರೇ ಅಲ್ವಾ? ಕೊಬ್ಬರಿ ಎಣ್ಣೆ ಮೆಲ್ಲಗೆ ಸವರಿದರೆ ತೊಂದರೆ ಇಲ್ಲ. ಆ ಕೈಗಳಿಗೆ ಅಭ್ಯಾಸ ಇದೆ. ನಮ್ಮ ಕೆಲಸ ಆ ಕೈಗಳಿಗೆ ನಾಲ್ಕು ಹೊಸ ವಿಷಯ ಹೇಳುವುದು.

ಒಮ್ಮೆ ಎದೆ ಚೀಪಲು ಬಾರದ ಒಂದು ಮಗುವಿಗೆ ಹಿಂಡಿದ ಹಾಲನ್ನು ಕೊಕ್ಕಿನ ಹಾಗೆ ಮೂತಿ ಇರುವ ಸ್ಟೀಲ್ ಬಟ್ಟಲಲ್ಲಿ ಕುಡಿಸುತ್ತಿದ್ದೆ. ನಾವು ಅದನ್ನು ಪಾಲಡೈ ಅನ್ನುತ್ತೇವೆ. ಟ್ರೈನಿಂಗ್‌ನಲ್ಲಿ ಹಾಗೇ ಕಲಿಸಿದ್ದು. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಅದನ್ನು ನೋಡಿ, "ಅಯ್ಯೋ, ಇದು ನಮ್ಮ ಒಳಲೆ ಅಲ್ವೇನವ್ವಾ!" ಅಂದರು. ನನಗೆ ಒಂದು ಕ್ಷಣ ಏನೂ ಹೇಳಲು ತೋಚಲಿಲ್ಲ. ನಮ್ಮಜ್ಜಿಯ ಮನೆಯಲ್ಲೂ ಹಿತ್ತಾಳೆಯದೊಂದು ಇತ್ತು. ಅಜ್ಜಿಯ ಕೈಗೆ ಕೊಟ್ಟೆ. ಕೈ ತೊಳೆದು ಬಂದು, ಮಗುವಿನ ತಲೆ ಚೂರು ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ಇಟ್ಟರು. ನಾಲ್ಕು ಹನಿ ಬಿಟ್ಟು ಕಾದರು. ನುಂಗಿದ ಮೇಲೆ ಮತ್ತೆ ನಾಲ್ಕು ಹನಿ. ನಾನು ಹೇಳಿಕೊಡಬೇಕಾದದ್ದು ಒಂದೇ ಇತ್ತು: ಪ್ರತಿ ಸಲ ಒಳಲೆಯನ್ನು ಕುದಿಸಿ ಇಡಬೇಕು. ಆ ಮನೆಗೆ ಹಾಲಿನ ಬಾಟಲಿ ಹೋಗಲಿಲ್ಲ. ಅಂಥ ಬಾಟಲಿ, ಪುಡಿ ಹಾಲುಗಳ ಪ್ರಚಾರ ಮಾಡಬಾರದು ಅಂತ 1992ರಲ್ಲೇ ಕಾನೂನು ಬಂದಿದೆ. ಆದರೆ ತಾಯಿಗೆ ಬೇರೆ ದಾರಿ ಗೊತ್ತಿಲ್ಲದಿದ್ದರೆ ಪ್ರಚಾರ ಇಲ್ಲದೆಯೂ ಬಾಟಲಿ ಮನೆಗೆ ಬರುತ್ತದೆ.

ಕಣ್ಣಿನ ಪರೀಕ್ಷೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ತಪ್ಪಿ ಮಗುವಿನ ದೃಷ್ಟಿ ಹೋದರೆ ಮತ್ತೆ ಸರಿಪಡಿಸಲು ಆಗುವುದಿಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ಇರುವ ಮಕ್ಕಳ ಕಣ್ಣಿನ ಹಿಂದಿನ ಪರದೆಯನ್ನು 30 ದಿನದೊಳಗೆ ಪರೀಕ್ಷಿಸಬೇಕು. ತೀರಾ ಸಣ್ಣ ಮಕ್ಕಳಿಗೆ ಇನ್ನೂ ಮೊದಲೇ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಇರುತ್ತದೆ. ಹೊಳೆಯುತ್ತಿರುತ್ತದೆ. ಹಾಗಾಗಿ ಮನೆಯವರು, ಮಗು ಚೆನ್ನಾಗಿದೆಯಲ್ಲ, ಮತ್ಯಾಕೆ ಬಸ್ ಚಾರ್ಜ್ ಅಂತ ಬಿಟ್ಟುಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆ ಇದೆ. 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ಘಟಕಗಳಿಗೆ ಹೋಗಿ ಎಳೆ ಮಕ್ಕಳ ಕಣ್ಣು ನೋಡುತ್ತಿದೆ. ಅವರು ಬರುವ ದಿನ ತಾಯಿ ಒಳಗಿದ್ದರೆ, ಯಾಕೆ ನೋಡುತ್ತಿದ್ದಾರೆ ಅಂತ ಅವಳಿಗೆ ಗೊತ್ತಾದರೆ, ಮುಂದಿನ ತಾರೀಖನ್ನು ಅವಳೇ ಗಂಡನಿಗೆ ನೆನಪಿಸುತ್ತಾಳೆ. ಚೀಟಿಯಲ್ಲಿ ಬರೆದ ತಾರೀಖು ಚೀಟಿಯ ಜೊತೆಗೇ ಮಡಚಿ ಹೋಗುತ್ತದೆ.

ಆಶಾ ಕಾರ್ಯಕರ್ತೆಯರ ಮನೆ ಭೇಟಿಯದ್ದೂ ಹೀಗೇ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮಗು 24 ದಿನ ನಮ್ಮಲ್ಲೇ ಇದ್ದರೆ ಮೊದಲ ನಾಲ್ಕು ದಿನಾಂಕ ಕಳೆದೇ ಹೋಗಿರುತ್ತದೆ. ನಿಜವಾದ ಅಪಾಯ ಶುರುವಾಗುವುದು ಮನೆಗೆ ಹೋದ ಮೊದಲ ವಾರ. ಇಂಥ ಮಗು ನಾಳೆ ನಿಮ್ಮ ಊರಿಗೆ ಬರುತ್ತಿದೆ ಅಂತ ಆಶಾಗೆ ಮುಂಚೆಯೇ ಫೋನ್ ಹೋಗಬೇಕು, ಮಾರನೇ ದಿನವೇ ಅವಳು ಆ ಮನೆಯ ಬಾಗಿಲಲ್ಲಿ ಇರಬೇಕು. ನಾನು ನನ್ನ ಮೊಬೈಲಿನಿಂದ ಮಾಡುತ್ತೇನೆ. ಆದರೆ ನಾನು ರಜೆಯಲ್ಲಿದ್ದರೆ?

ಮಾನ್ಯರೇ, ದೊಡ್ಡ ಕಟ್ಟಡ ಕೇಳುತ್ತಿಲ್ಲ, ಹೊಸ ಯಂತ್ರಗಳನ್ನೂ ಕೇಳುತ್ತಿಲ್ಲ. ಪ್ರತಿ ಘಟಕದಲ್ಲಿ ಮಗುವಿಗೊಂದು ಒರಗಿ ಕೂರುವ ಕುರ್ಚಿ, ಘಟಕಕ್ಕೆ ಅಂಟಿಕೊಂಡ ಹಾಗೆ ತಾಯಂದಿರಿಗೆ ಮಲಗಲು ಮಂಚ, ಬಿಸಿನೀರು ಬರುವ ಒಂದು ಬಚ್ಚಲು. ಮಗು ಬಿಡುಗಡೆ ಆಗುವವರೆಗೂ ತಾಯಿಗೆ ಆಸ್ಪತ್ರೆಯಿಂದಲೇ ಮೂರು ಹೊತ್ತು ಊಟ. ನಿಯಮದ ಪ್ರಕಾರ ಇರಬೇಕಾದಷ್ಟು ನರ್ಸ್‌ಗಳು, ಅದೂ ಇಲ್ಲಿ ಕೆಲಸ ಕಲಿತವರನ್ನು ಮಧ್ಯದಲ್ಲೇ ಬೇರೆ ವಾರ್ಡ್‌ಗೆ ಹಾಕದ ಹಾಗೆ. ಒಂದು ಮಗುವಿನ ಉಸಿರಿನ ಲಯ ಕಿವಿಗೆ ಕೂರಲು ವರ್ಷಗಳೇ ಬೇಕು.

ಇನ್ನೊಂದು, ದುಡ್ಡು ಖರ್ಚಿಲ್ಲದ್ದು. ಈಗ ಕೇಸ್ ಶೀಟಿನಲ್ಲಿ ಔಷಧ, ತೂಕ, ಜ್ವರ, ಉಚ್ಚೆ ಎಲ್ಲಕ್ಕೂ ಕಾಲಂ ಇದೆ. ತಾಯಿ ಇವತ್ತು ಎಷ್ಟು ಗಂಟೆ ಮಗುವನ್ನು ಎದೆಗೆ ಕಟ್ಟಿಕೊಂಡಳು, ಏನು ಕಲಿತಳು, ತಾನೇ ಏನು ಮಾಡಿ ತೋರಿಸಿದಳು ಅನ್ನುವುದಕ್ಕೂ ಒಂದು ಕಾಲಂ ಇರಲಿ. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಆಮ್ಲಜನಕದ ಸಿಲಿಂಡರ್ ಎಣಿಸುವ ಹಾಗೆ ಅದನ್ನೂ ನೋಡಲಿ. ಕಾಲಂ ಇರುವ ಕೆಲಸ ನಮ್ಮಲ್ಲಿ ಆಗೇ ಆಗುತ್ತದೆ. ಮಗುವನ್ನು ಮನೆಗೆ ಕಳಿಸುವ ಹಿಂದಿನ ಎರಡು ರಾತ್ರಿ ತಾಯಿ ಒಬ್ಬಳೇ ಪೂರ್ತಿ ಆರೈಕೆ ಮಾಡಲಿ, ನಾವು ಕೂಗಿದರೆ ಕೇಳುವಷ್ಟು ದೂರದಲ್ಲಿರುತ್ತೇವೆ. ಎರಡು ರಾತ್ರಿ ಅವಳಿಗೆ ಧೈರ್ಯವಾಗಿ ಕಳೆದರೆ ಆಮೇಲೆ ಡಿಸ್‌ಚಾರ್ಜ್ ಚೀಟಿ ಬರೆಯೋಣ.

ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ನಿಮ್ಮ ಮಗು ಯಾವುದೇ ಆಸ್ಪತ್ರೆಯ ಘಟಕದಲ್ಲಿರಲಿ, ಸರ್ಕಾರಿ ಇರಲಿ, ಖಾಸಗಿ ಇರಲಿ, "ನಾನು ಒಳಗೆ ಬರಬಹುದಾ? ಮಗುವನ್ನು ಎದೆಗೆ ಹಾಕಿಕೊಳ್ಳಬಹುದಾ?" ಅಂತ ದಿನಾ ಕೇಳಿ. ಇವತ್ತು ಬೇಡ ಅಂದರೆ ಯಾಕೆ ಅಂತ ಕೇಳಿ, ನಾಳೆ ಮತ್ತೆ ಕೇಳಿ. ಕೈ ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಹೋಗಿ. ಸಿಸ್ಟರ್ ಸಿಡುಕಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಹಿಂದೆ ಇನ್ನೂ ಎಂಟು ಮಕ್ಕಳಿರುತ್ತವೆ.

ಆ ಡಿಸೆಂಬರಿನ ಮಗು ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೋಸ್ಕರ ಕಚೇರಿಯಿಂದ ತಂದ ಹಳೆಯ ಕುರ್ಚಿ ಇನ್ನೂ ನಮ್ಮ ಘಟಕದಲ್ಲೇ ಇದೆ. ಆಮೇಲೆ ಊರಿನ ದಾನಿಗಳಿಂದ ಇನ್ನೂ ಮೂರು ಬಂದವು. ಈಗ ಒಟ್ಟು ನಾಲ್ಕು. ನಾನು ಈ ಪತ್ರ ಮುಗಿಸುವ ಮೊದಲು, ಇವತ್ತು ಬೆಳಿಗ್ಗೆ ಡ್ಯೂಟಿ ಒಪ್ಪಿಸಿ ಹೊರಡುವಾಗ, ಒಳಗೆ 16 ಮಕ್ಕಳಿದ್ದವು. ನಾಲ್ಕು ಜನ ತಾಯಂದಿರು ಕುರ್ಚಿಯಲ್ಲಿ ಮಗುವನ್ನು ಕಟ್ಟಿಕೊಂಡು ಕೂತಿದ್ದರು. ಉಳಿದ ಹನ್ನೆರಡು ಜನ ಕೈ ತೊಳೆದುಕೊಂಡು, ಬಾಗಿಲ ಹೊರಗೆ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದರು.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದ ಶುಶ್ರೂಷಾಧಿಕಾರಿ